ನಮ್ಮ ಗೇಟಿನಿಂದ ದೂರ

ಪುಣೆಯ ಬಾಲೇವಾಡಿಯಲ್ಲಿ ಮುಂಬೈ–ಬೆಂಗಳೂರು ಹೆದ್ದಾರಿಯ ಸರ್ವಿಸ್ ರಸ್ತೆಗೆ ಹೋಗಿ ಸೇರುವ ಒಂದು ಒಳರಸ್ತೆ ಇದೆ. ಉದ್ದ ಅರ್ಧ ಕಿಲೋಮೀಟರೂ ಇರಲಿಕ್ಕಿಲ್ಲ. ಈ ತುದಿಗೆ ನಮ್ಮ ಹೌಸಿಂಗ್ ಸೊಸೈಟಿ, ಆ ತುದಿಗೆ ಸರ್ವಿಸ್ ರಸ್ತೆ. ನಡುವೆ ಒಂದು ವಡಾಪಾವ್ ಗಾಡಿ, ಚಿಕನ್ ಅಂಗಡಿ, ಇಸ್ತ್ರಿಯವರ ಗೂಡು, ಟ್ರಾನ್ಸ್‌ಫಾರ್ಮರ್, ನಾಲೆಯ ಮೇಲಿನ ಒಂದು ಸಣ್ಣ ಮೋರಿ. ಮೋರಿಯ ಪಕ್ಕ, 2023ರವರೆಗೆ ಖಾಲಿ ಬಿದ್ದಿದ್ದ ಒಂದು ದೊಡ್ಡ ಸೈಟು. ರಾತ್ರಿ ಒಂಬತ್ತೂವರೆಗೆ ನಾನು ಎರಡು ಸ್ಟೀಲ್ ಡಬ್ಬಿ, ಒಂದು ನೀರಿನ ಕ್ಯಾನು ಹಿಡಿದುಕೊಂಡು ಈ ರಸ್ತೆಗೆ ಇಳಿಯುತ್ತೇನೆ. ಹತ್ತೂಕಾಲಕ್ಕೆ ವಾಪಸ್. ಕೆಲವು ವರ್ಷಗಳಿಂದ ನನ್ನ ದಿನದ ಅತಿ ದೀರ್ಘ ಪ್ರಯಾಣ ಇದೇ.

ಹೀಗೆ ಹೇಳಿದರೆ ನಗಬೇಡಿ. ನಾನು ಪುಣೆಗೆ ಬಂದದ್ದು 2013ರಲ್ಲಿ. ಮೊದಲ ಏಳು ವರ್ಷ ಈ ರಸ್ತೆಯ ಮೇಲೆ ಸಾವಿರಾರು ಸಲ ಹೋಗಿದ್ದೇನೆ, ಆದರೆ ಕಾರಿನಲ್ಲಿ. ಸೊಸೈಟಿಯ ಬೇಸ್‌ಮೆಂಟಿನಿಂದ ಹೊರಟು ಮುಳಾ ನದಿ ದಾಟಿ, ವಾಕಡ್ ಹಾಯ್ದು, ಹಿಂಜವಡಿಯ ಆಫೀಸಿನ ಬೇಸ್‌ಮೆಂಟಿಗೆ. ನಮ್ಮ ರಸ್ತೆಯಲ್ಲಿ ಒಂದು ಮೋರಿ ಇದೆ ಎನ್ನುವುದೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹೆದ್ದಾರಿ ಮಾತ್ರ, ಏಕೆಂದರೆ ಅದು ನಮ್ಮೂರಿನ ದಾರಿ. ನಮ್ಮದು ರಾಣೆಬೆನ್ನೂರು. ಸರ್ವಿಸ್ ರಸ್ತೆಯ ಬಳಿ ರಾತ್ರಿ ಬಸ್ಸು ಹತ್ತಿ ಮಲಗಿದರೆ ಅದೇ ಡಾಂಬರು ಬೆಳಗಿನ ಹೊತ್ತಿಗೆ ಮನೆ ಮುಟ್ಟಿಸುತ್ತದೆ.

ರಸ್ತೆಯನ್ನು ಕಾಲಿನಿಂದ ನೋಡುವಂತೆ ಮಾಡಿದ್ದು ಲಾಕ್‌ಡೌನ್. 2020ರ ಮಾರ್ಚ್ ಕೊನೆಗೆ ವಡಾಪಾವ್ ಗಾಡಿ, ಚಿಕನ್ ಅಂಗಡಿ, ಟಪರಿ ಎಲ್ಲವೂ ಒಂದೇ ದಿನ ಮುಚ್ಚಿದವು. ಬೀದಿನಾಯಿಗಳು ಕಸ ತಿಂದು ಬದುಕುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ. ನಮ್ಮ ರಸ್ತೆಯ ನಾಯಿಗಳು ಬದುಕುತ್ತಿದ್ದದ್ದು ಆ ಸಣ್ಣ ಅಂಗಡಿಗಳವರ ಕೈ ಮೇಲೆ. ಗಾಡಿಯವರು ಕೊನೆಗೆ ಉಳಿದ ಪಾವ್ ಹಾಕುತ್ತಿದ್ದರು, ಚಿಕನ್ ಅಂಗಡಿಯವರು ಚರ್ಮ, ಕುತ್ತಿಗೆ ಎಸೆಯುತ್ತಿದ್ದರು. ಅಂಗಡಿ ಮುಚ್ಚಿ ನಾಲ್ಕನೇ ದಿನ, ಹಾಲು ತರಲು ಗೇಟಿಗೆ ಇಳಿದಾಗ ಒಂದು ಕಂದು ನಾಯಿ ಹಾಲಿನ ಖಾಲಿ ಪ್ಲಾಸ್ಟಿಕ್ ಚೀಲವನ್ನು ನೆಕ್ಕುತ್ತಿರಲಿಲ್ಲ, ಅಗಿದು ನುಂಗುತ್ತಿತ್ತು. ಮೇಲೆ ಹೋಗಿ ರಾತ್ರಿಯ ಅನ್ನ ತಂದು ಹಾಕಿದೆ. ಮರುದಿನ ಅದು ಇನ್ನೆರಡನ್ನು ಕರೆದುಕೊಂಡು ಬಂದಿತ್ತು.

ಆ ಕಂದು ನಾಯಿಯೇ ಭೈರು. ಈಗಲೂ ನಾನು ಲಿಫ್ಟಿನಿಂದ ಹೊರಬರುವ ಮೊದಲೇ ಗೇಟಿನಾಚೆ ಬಂದು ಕೂತಿರುತ್ತಾನೆ.

ನಾಯಿಗಳ ಜೊತೆ ನಡೆದರೆ ರಸ್ತೆಗೆ ಬೇರೆಯೇ ನಕ್ಷೆ ಬರುತ್ತದೆ. ಸೊಸೈಟಿ ಗೇಟಿನಿಂದ ಇಸ್ತ್ರಿಯವರ ಗೂಡಿನವರೆಗೆ ಭೈರು ಮತ್ತು ಲಂಗಡ್ಯಾ. ಲಂಗಡ್ಯಾ ಎಂದರೆ ಮರಾಠಿಯಲ್ಲಿ ಕುಂಟ. ಅವನ ಹಿಂಗಾಲು ಹೆದ್ದಾರಿಗೆ ಹೋಯಿತು. ಗೂಡಿನಿಂದ ಮೋರಿಯವರೆಗೆ ಮೋತಿ ಮತ್ತು ಅವಳ ಇಬ್ಬರು ಮಕ್ಕಳು. ಮೋರಿ ದಾಟಿದರೆ ಸೈಟು, ಅದು ರಾಣಿಯ ರಾಜ್ಯ. ಸರ್ವಿಸ್ ರಸ್ತೆಯಲ್ಲಿ ವಾಘ್ಯಾ ಒಬ್ಬನೇ. ಮೋರಿಯ ಮೇಲೆ ಯಾರೂ ನಿಲ್ಲುವುದಿಲ್ಲ. ನಾನು ಮೋರಿ ದಾಟುವಾಗ ನನ್ನ ಹಿಂದೆ ಬಾಲ ಅಲ್ಲಾಡಿಸುತ್ತ ಬಂದ ಮೋತಿ ಸರಿಯಾಗಿ ಅಲ್ಲಿಗೆ ನಿಂತುಬಿಡುತ್ತಾಳೆ. ಆ ಕಡೆಯಿಂದ ರಾಣಿ ಎದ್ದು ಬರುತ್ತಾಳೆ. ಮುಳಾ ನದಿಯ ಈ ದಡಕ್ಕೆ ಪುಣೆ ಮಹಾನಗರಪಾಲಿಕೆ, ಆ ದಡಕ್ಕೆ ಪಿಂಪ್ರಿ–ಚಿಂಚವಡ ಪಾಲಿಕೆ. ಆ ಗಡಿಗಿಂತ ಈ ಮೋರಿಯ ಗಡಿ ಹೆಚ್ಚು ಬಿಗಿ.

ಒಂದೇ ನಾಯಿಗೆ ಹಲವು ಹೆಸರು. ರಾಣಿ ಎಂದು ಕರೆದವರು ನಮ್ಮ ವಾಚ್‌ಮನ್ ಕಾಕಾ. ಸೊಸೈಟಿಯ ಮಕ್ಕಳಿಗೆ ಅವಳು ಪೆಪ್ಪರ್, ಮೈಮೇಲೆ ಕರಿ ಚುಕ್ಕೆಗಳಿರುವುದರಿಂದ. ಮುಂದೆ ಸೈಟಿಗೆ ಬಂದವರ ಬಾಯಲ್ಲಿ ಅವಳು ಕರೆವ್ವ ಆದಳು. ಅವಳು ಮೂರಕ್ಕೂ ತಿರುಗಿ ನೋಡುತ್ತಾಳೆ.

ಏನು ಹಾಕುತ್ತೀರಿ ಎಂದು ಬಹಳ ಜನ ಕೇಳುತ್ತಾರೆ. ಮೊದಲು ನಾನೂ ಎಲ್ಲರಂತೆ ಬಿಸ್ಕತ್ತು, ಹಾಲು ಎಂದು ಶುರು ಮಾಡಿದೆ. ಎರಡೂ ಒಳ್ಳೆಯದಲ್ಲ. ಬಿಸ್ಕತ್ತಿನಲ್ಲಿ ಸಕ್ಕರೆ ಮತ್ತು ಮೈದಾ ಬಿಟ್ಟರೆ ಹೆಚ್ಚೇನಿಲ್ಲ, ಹಾಲು ಬಹಳ ನಾಯಿಗಳಿಗೆ ಹೊಟ್ಟೆ ಕೆಡಿಸುತ್ತದೆ. ಈಗ ಅನ್ನ, ಚಿಕನ್ ಅಂಗಡಿಯ ಉಳಿಕೆ, ಕುಂಬಳಕಾಯಿ ಅಥವಾ ಗಜ್ಜರಿ, ಚಿಟಿಕೆ ಅರಿಶಿನ, ಎಲ್ಲವನ್ನೂ ಕುಕ್ಕರಿಗೆ ಹಾಕುತ್ತೇನೆ. ಉಪ್ಪಿಲ್ಲ, ಉಳ್ಳಾಗಡ್ಡಿ ಇಲ್ಲ. ಬೆಂದ ಎಲುಬು ಚೂಪಾಗಿ ಸೀಳಿ ಗಂಟಲಿಗೆ ಚುಚ್ಚುತ್ತದೆ, ಅದಕ್ಕೇ ಎಲುಬು ಆರಿಸಿ ತೆಗೆಯುತ್ತೇನೆ. ಬೇಸಿಗೆಯಲ್ಲಿ ಅನ್ನಕ್ಕಿಂತ ನೀರು ಮುಖ್ಯ. ಏಪ್ರಿಲ್‌ನಲ್ಲಿ ಪುಣೆ ನಲವತ್ತು ಡಿಗ್ರಿ ಮುಟ್ಟುವಾಗ ಸಿಮೆಂಟಿನ ಕುಂಡಗಳಲ್ಲಿ ನೀರಿಡುತ್ತೇನೆ, ಪ್ಲಾಸ್ಟಿಕ್ಕಿನವು ಮೂರು ದಿನವೂ ಉಳಿಯುವುದಿಲ್ಲ. ಮಳೆಗಾಲದಲ್ಲಿ ಸಣ್ಣ ಗಾಯಕ್ಕೂ ಹುಳು ಬೀಳುತ್ತದೆ, ಕಿವಿ ಹಿಂದೆ, ಬಾಲದ ಬುಡ ದಿನಾ ನೋಡಬೇಕು. ದೀಪಾವಳಿಯ ಪಟಾಕಿಗೆ ಬೆದರಿ ಓಡಿದವು ಹೆದ್ದಾರಿಗೆ ನುಗ್ಗುತ್ತವೆ. ಹಾಗಾಗಿ ವಾಘ್ಯಾನ ಕೊರಳಿಗೆ ಬೆಳಕು ಬಿದ್ದರೆ ಮಿಂಚುವ ಪಟ್ಟಿ ಕಟ್ಟಿದ್ದೇನೆ.

ಇಲ್ಲಿಯವರೆಗೆ ಓದಿದವರಿಗೆ ಇದೊಂದು ಒಳ್ಳೆಯ ಕೆಲಸದ ಕಥೆ ಅನ್ನಿಸಿರಬಹುದು. ನನಗೂ ಹಾಗೇ ಅನ್ನಿಸಿತ್ತು, ಸುಮಾರು ನಾಲ್ಕು ವರ್ಷ.

2022ರಲ್ಲಿ ಸೊಸೈಟಿಯಲ್ಲಿ ತಕರಾರು ಶುರುವಾಯಿತು. ಗೇಟಿನ ಬಳಿ ಐದಾರು ನಾಯಿ ಸೇರುತ್ತಿದ್ದವು, ಡೆಲಿವರಿ ಹುಡುಗರ ಬೈಕಿನ ಹಿಂದೆ ಓಡುತ್ತಿದ್ದವು. ಮೊಣಕಾಲು ಆಪರೇಷನ್ ಆಗಿದ್ದ ಒಬ್ಬ ಆಜಿ ವಾಕಿಂಗ್ ಬಿಟ್ಟುಬಿಟ್ಟಿದ್ದರು. ಅವರ ಹೆದರಿಕೆ ಸುಳ್ಳಲ್ಲ ಎನ್ನುವುದು ಆಗಲೂ ಗೊತ್ತಿತ್ತು. ಆದರೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ನನ್ನನ್ನು ಬೈದ ರೀತಿಗೆ ಸಿಟ್ಟು ಬಂದು, ಅವರ ಹೆದರಿಕೆಯನ್ನು ನಾನು ಕೇಳಿಸಿಕೊಳ್ಳಲೇ ಇಲ್ಲ. ನಾನು ಕಾನೂನು ಹೇಳಿದೆ, ಅವರು ಫೋಟೋ ಹಾಕಿದರು. ಕೊನೆಗೆ ಛೇರ್‌ಮನ್ ಕಾಕಾ ರಾಜಿ ಮಾಡಿಸಿದರು: ಹಾಕಿ, ಬೇಡ ಅನ್ನುವುದಿಲ್ಲ, ಆದರೆ ನಮ್ಮ ಗೇಟಿನಿಂದ ದೂರ.

ಒಪ್ಪಿಕೊಂಡೆ. ದೂರ ಎಂದರೆ ಮೋರಿಯಾಚೆಯ ಖಾಲಿ ಸೈಟು. ಅಲ್ಲಿ ಯಾರೂ ಇರಲಿಲ್ಲ. ಸಿಮೆಂಟ್ ಪೈಪುಗಳು, ಜಾಲಿ ಗಿಡ, ಒಂದು ಹಳೆಯ ಬಿಲ್ಡರ್ ಬೋರ್ಡು. ರಾಣಿಯ ಗುಂಪಿಗಂತೂ ಮನೆಬಾಗಿಲಿಗೇ ಊಟ. ಭೈರು, ಲಂಗಡ್ಯಾನಿಗೆ ಇಸ್ತ್ರಿಯವರ ಗೂಡಿನ ಹಿಂದೆ ಬೇರೆ ಬಟ್ಟಲು. ಎಲ್ಲರಿಗೂ ಸಮಾಧಾನವಾಯಿತು.

2023ರ ದೀಪಾವಳಿ ಮುಗಿದ ಮೇಲೆ ಆ ಸೈಟಿನಲ್ಲಿ ಕಟ್ಟಡದ ಕೆಲಸ ಶುರುವಾಯಿತು. ಮೊದಲು ಬಂದದ್ದು ಜೆಸಿಬಿ, ಆಮೇಲೆ ತಗಡಿನ ಶೆಡ್ಡುಗಳು, ಆಮೇಲೆ ಜನ. ಸುಮಾರು ಇಪ್ಪತ್ತು ಸಂಸಾರ. ಹಗಲು ನಾನು ಆ ಕಡೆ ಹೋಗುವುದಿಲ್ಲ. ರಾತ್ರಿ ಹೋದಾಗ ಶೆಡ್ಡುಗಳಲ್ಲಿ ದೀಪ, ಒಲೆಯ ಹೊಗೆ, ಮೊಬೈಲಿನ ಹಾಡು. ನನ್ನ ಬಟ್ಟಲುಗಳಿದ್ದ ಪೈಪಿನಿಂದ ಹತ್ತಿರದ ಶೆಡ್ಡಿಗೆ ಹದಿನೈದು ಹೆಜ್ಜೆ ಇತ್ತು. ಎಣಿಸಿ ನೋಡಿದ್ದು ಆಮೇಲೆ.

2024ರ ಜನವರಿಯಲ್ಲಿ ಒಂದು ಸೋಮವಾರ ರಾತ್ರಿ ಡಬ್ಬಿ ತೆರೆಯುತ್ತಿದ್ದೆ. ಒಬ್ಬಾಕೆ ಶೆಡ್ಡಿನಿಂದ ಬಂದು ಎದುರಿಗೆ ನಿಂತು ಹಿಂದಿಯಲ್ಲಿ, ಇಲ್ಲಿ ಹಾಕಬೇಡಿ ಮೇಡಂ, ಎಂದಳು. ನಾನು ಹಿಂದಿಯಲ್ಲೇ ಏನೋ ಹೇಳಲು ಹೋದೆ. ಆಕೆ ಪಕ್ಕಕ್ಕೆ ತಿರುಗಿ ತನ್ನಷ್ಟಕ್ಕೆ ತಾನೇ, “ಹೇಳಿದ್ರ ತಿಳಿಯಂಗಿಲ್ಲ ಇವ್ರಿಗಿ” ಅಂದಳು.

ಪರಊರಿನಲ್ಲಿ ಕನ್ನಡ ಕಿವಿಗೆ ಬಿದ್ದಾಗ ಆಗುವ ಸಂತೋಷ ಈ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಆ ರಾತ್ರಿ ಮಾತ್ರ ಹಾಗಾಗಲಿಲ್ಲ. “ಏನಾತವ್ವಾ?” ಎಂದು ಕೇಳಿದೆ. ಆಕೆ ಒಂದು ಗಳಿಗೆ ನನ್ನನ್ನೇ ನೋಡಿದಳು. ಮೇಡಂ ಹೋಗಿ ಅಕ್ಕಾ ಬಂತು, ಆದರೆ ದನಿ ಮೆತ್ತಗಾಗಲಿಲ್ಲ.

“ನೀವ್ ಕನ್ನಡದೋರೇನ್ರಿ? ಅಲ್ರಿ ಅಕ್ಕಾ, ರಾತ್ರಿ ಬಂದು ಅನ್ನ ಹಾಕ್ತೀರಿ. ಲಿಫ್ಟಿನಾಗ ಮ್ಯಾಲ ಹೋಗಿ ಬಾಗ್ಲಾ ಹಾಕ್ಕೋತೀರಿ. ಅವು ಇಲ್ಲೇ ಇರ್ತಾವ. ನಾವೂ ಇಲ್ಲೇ ಇರ್ತೀವಿ. ನಮಗ ಬಾಗ್ಲಾ ಎಲ್ಲದ? ಪರದಾ ಅದ.”

ಶೆಡ್ಡಿನ ಪರದೆ ಎತ್ತಿ ತೋರಿಸಿದಳು. ಆರು ವರ್ಷದ ಮಗ ಮಲಗಿದ್ದ. ರಾಣಿ ಪೈಪಿನೊಳಗೆ ಮರಿ ಹಾಕಿದ್ದಳು, ಹುಡುಗ ಮರಿ ನೋಡಲು ಕೈ ಹಾಕಿದ್ದ. ಅಂಗೈಗೂ ಮೀನಖಂಡಕ್ಕೂ ಹಲ್ಲು ಇಳಿದಿತ್ತು. ಆದದ್ದು ಹಿಂದಿನ ದಿನ, ಭಾನುವಾರ ಮಧ್ಯಾಹ್ನ. ಗಾಯಕ್ಕೆ ಖಾರದಪುಡಿ, ಸುಣ್ಣ ಹಚ್ಚಿ ಬಟ್ಟೆ ಕಟ್ಟಿದ್ದರು.

ನಾಯಿ ಕಚ್ಚಿದ ಕೂಡಲೆ ಹರಿಯುವ ನೀರಿನಲ್ಲಿ, ಸಾಬೂನು ಹಚ್ಚಿ, ಹದಿನೈದು ನಿಮಿಷ ತೊಳೆಯಬೇಕು. ಖಾರ, ಸುಣ್ಣ, ಎಣ್ಣೆ ಏನೂ ಹಚ್ಚಬಾರದು. ಇದು ನನಗೆ ಬಾಯಿಪಾಠ. ಅದನ್ನೇ ಹೇಳಲು ಬಾಯಿ ತೆರೆದವಳು, ಶೆಡ್ಡಿನ ಮುಂದಿದ್ದ ನೀಲಿ ಡ್ರಮ್ಮು ನೋಡಿ ಸುಮ್ಮನಾದೆ. ಹರಿಯುವ ನೀರು ಅಲ್ಲಿ ಎಲ್ಲಿತ್ತು? ಟ್ಯಾಂಕರ್ ಬಂದರೆ ಆ ಡ್ರಮ್ಮು ತುಂಬುತ್ತದೆ, ಅಷ್ಟೇ. ಕ್ಯಾನಿನಲ್ಲಿ ನಾಯಿಗಳಿಗೆಂದು ತಂದ ನೀರಿತ್ತು. ಅದರಲ್ಲೇ ಸಾಬೂನು ಹಚ್ಚಿ ತೊಳೆದೆವು. ಹುಡುಗ ಕೂಗಾಡಿದ.

ಮರುದಿನ ಬೆಳಿಗ್ಗೆ ಕಾರಿನಲ್ಲಿ ತಾಯಿ ಮಗನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ ಬಂದ ಕಡಿತ ಮೂರನೆಯ ದರ್ಜೆಯದು. ಅದಕ್ಕೆ ಲಸಿಕೆಯೊಂದೇ ಸಾಲದು, ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಸೀರಮ್ ಕೂಡ ಚುಚ್ಚಬೇಕು. ಲಸಿಕೆ ದೇಹದಲ್ಲಿ ಕೆಲಸ ಶುರುಮಾಡುವವರೆಗೆ ವೈರಸ್ಸನ್ನು ತಡೆಯುವುದು ಅದೇ. ಮೊದಲ ಆಸ್ಪತ್ರೆಯಲ್ಲಿ ಲಸಿಕೆ ಇತ್ತು, ಸೀರಮ್ ಇರಲಿಲ್ಲ. ಇನ್ನೊಂದಕ್ಕೆ ಕಳಿಸಿದರು. ಅಲ್ಲಿ ಸಾಲು. ಸಾಲಿನಲ್ಲಿ ನಿಂತವರನ್ನು ನೋಡುತ್ತ ನಿಂತೆ: ಸೆಕ್ಯೂರಿಟಿಯ ನೀಲಿ ಶರ್ಟು, ಪೇಪರ್ ಹಾಕುವ ಹುಡುಗ, ಕಸ ಗುಡಿಸುವ ಮಾವಶಿ, ಡೆಲಿವರಿ ಕಂಪನಿಯ ಟೀಶರ್ಟು. ನನ್ನಂತೆ ಕಾರಿನಲ್ಲಿ ಓಡಾಡುವವರು ಆ ಸಾಲಿನಲ್ಲಿ ಇರಲಿಲ್ಲ. ನಸುಕಿನಲ್ಲಿ, ನಡುರಾತ್ರಿಯಲ್ಲಿ ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಓಡಾಡುವವರೇ ಇದ್ದರು.

ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿದರೆ ಉಳಿಯುವುದು ಇಲ್ಲವೆಂದೇ ಹೇಳಬೇಕು. ಜಗತ್ತಿನಲ್ಲಿ ರೇಬೀಸಿನಿಂದ ಸಾಯುವವರಲ್ಲಿ ಶೇ. 36ರಷ್ಟು ಜನ ಭಾರತದವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಮಯಕ್ಕೆ ಲಸಿಕೆ ಸಿಕ್ಕರೆ ಪೂರ್ತಿ ತಡೆಯಬಹುದಾದ ಸಾವು ಇದು. ಚರ್ಮದಲ್ಲಿ ಕೊಡುವ ಕ್ರಮವಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ, ಒಟ್ಟು ನಾಲ್ಕು ಸಲ. ಸ್ನಾಯುವಿಗೆ ಕೊಡುವ ಕ್ರಮವಾದರೆ ಐದು ಸಲ. ಹೇಳುವುದು ಸುಲಭ. ಆಕೆಗೆ ಪ್ರತಿ ಸಲವೂ ಒಂದು ದಿನದ ಪಗಾರ ಹೋಗುತ್ತದೆ. ಮುಕಾದಮ ಎರಡನೇ ರಜೆಗೇ ಗೊಣಗಿದ್ದ. ದುಡ್ಡು ಕೊಡಲು ಹೋದೆ. ಮೊದಲ ದಿನದ್ದು ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡಳು. “ಇದು ಆತ್ರಿ. ನಾಯಿದು ಏನ್ ಮಾಡ್ತೀರಿ?” ಎಂದಳು.

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ರಾಣಿಗೆ ನಾನು ನಾಲ್ಕು ವರ್ಷ ಅನ್ನ ಹಾಕಿದ್ದೆ. ಒಮ್ಮೆಯೂ ರೇಬೀಸ್ ಲಸಿಕೆ ಹಾಕಿಸಿರಲಿಲ್ಲ, ಸಂತಾನಹರಣ ಚಿಕಿತ್ಸೆಯನ್ನೂ ಮಾಡಿಸಿರಲಿಲ್ಲ. ಮಾಡಿಸಬೇಕು ಎಂದು ಅಂದುಕೊಳ್ಳುತ್ತಲೇ ಇದ್ದೆ. ವ್ಯಾನಿನವರ ನಂಬರ್ ಫೋನಿನಲ್ಲಿತ್ತು. ಸ್ಪ್ರಿಂಟು, ರಿಲೀಸು, ಊರು, ಹಬ್ಬ. ಈ ನಡುವೆ ರಾಣಿ ಮೂರು ಸಲ ಮರಿ ಹಾಕಿದ್ದಳು. ಹೊಟ್ಟೆ ತುಂಬ ಊಟವಿದ್ದ ನಾಯಿಗೆ ಮರಿ ಚೆನ್ನಾಗಿಯೇ ಆಗುತ್ತವೆ. ಮರಿಯಿರುವ ತಾಯಿ ಹತ್ತಿರ ಬಂದವರನ್ನು ಕಚ್ಚುತ್ತಾಳೆ. ಇದರಲ್ಲಿ ರಾಣಿಯ ತಪ್ಪೇನೂ ಇರಲಿಲ್ಲ, ಹುಡುಗನದೂ ಇರಲಿಲ್ಲ.

ಕಚ್ಚಿದ ನಾಯಿ ಹತ್ತು ದಿನ ಆರೋಗ್ಯವಾಗಿದ್ದರೆ, ಕಚ್ಚುವಾಗ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ ಎಂದು ಅರ್ಥ. ಲಸಿಕೆ ನಡೆಯುತ್ತಲೇ ಇರಬೇಕು, ಆದರೂ ನಾನು ದಿನ ಎಣಿಸಿದೆ. ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಒಮ್ಮೆ, ರಾತ್ರಿ ಒಮ್ಮೆ ಹೋಗಿ ನೋಡುತ್ತಿದ್ದೆ. ಎಂಟನೇ ದಿನ ರಾಣಿ ಕಾಣಲಿಲ್ಲ. ಟಾರ್ಚ್ ಹಿಡಿದು ಸೈಟು ಸುತ್ತಿದೆ, ಸರ್ವಿಸ್ ರಸ್ತೆಯಲ್ಲಿ ಹುಡುಕಿದೆ. ಲಾರಿ ಹೊಡೆದ ಏನಾದರೂ ಬಿದ್ದಿದೆಯೇ ಎಂದು ಹೆದ್ದಾರಿಯ ಅಂಚನ್ನೂ ನೋಡಿದೆ. ಹನ್ನೊಂದು ಗಂಟೆಗೆ ಆ ತಾಯಿಯೇ ಕೂಗಿ ಕರೆದಳು. ಕಬ್ಬಿಣದ ಸರಳುಗಳ ರಾಶಿಯ ಹಿಂದೆ ಮರಿಗಳನ್ನು ಸಾಗಿಸಿಕೊಂಡು ಮಲಗಿದ್ದಳು ರಾಣಿ. ನನ್ನ ಡಬ್ಬಿಯ ಸದ್ದಿಗೆ ತಲೆಯೆತ್ತಿ ನೋಡಿದಳು. ಹತ್ತನೇ ದಿನ ದಾಟಿತು. ಹುಡುಗನ 28ನೇ ದಿನದ ಸೂಜಿಯೂ ಆಯಿತು.

ಅದಾದ ಮೇಲೆ ಕೆಲವು ದಿನ ನನಗೆ ಡಬ್ಬಿ ಹಿಡಿದು ಇಳಿಯುವುದೇ ಬೇಡವೆನ್ನಿಸಿತು. ಒಬ್ಬರ ಕೈಯಲ್ಲಿ ಕಳಿಸುತ್ತಿದ್ದೆ. ಫೆಬ್ರವರಿಯಲ್ಲಿ ಅವ್ವ ಊರಿನಿಂದ ಬಂದಳು. ಬಂದಾಗಲೆಲ್ಲ ಅವಳಿಗೆ ಜೇಜುರಿಗೆ ಹೋಗಬೇಕು. ಪುಣೆಯಿಂದ ಸುಮಾರು ಐವತ್ತು ಕಿಲೋಮೀಟರ್. ಗುಡ್ಡದ ಮೇಲೆ ಖಂಡೋಬಾ, ಮೆಟ್ಟಿಲ ತುಂಬ ಹಳದಿ ಭಂಡಾರ. ನಮಗೆ ಅವನು ಬೇರೆಯವನಲ್ಲ, ನಮ್ಮ ಮೈಲಾರಲಿಂಗನೇ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಏಳು ಕೋಟಿ ಎಂದು ಕೂಗುವುದನ್ನೇ ಇಲ್ಲಿ ಯೇಳಕೋಟ ಎಂದು ಕೂಗುತ್ತಾರೆ. ಕುದುರೆ ಏರಿದ ಖಂಡೋಬಾನ ಜೊತೆ ಅವನ ನಾಯಿಯೂ ಇರುತ್ತದೆ. ಅವನ ವಾಘ್ಯಾಗಳು, ನಮ್ಮ ಗೊರವಯ್ಯಗಳು, ಇಬ್ಬರೂ ದೇವರ ನಾಯಿಗಳು. ಕರಿಕಂಬಳಿ ಹೊದ್ದು, ಡಮರು ಹಿಡಿದ ಗೊರವಯ್ಯಗಳು ದೋಣಿ ತುಂಬಿಸುವಾಗ ನಾಯಿಗಳಂತೆ ಬೊಗಳುತ್ತ, ಬಾಗಿ ಬಾಯಿಂದಲೇ ತಿನ್ನುವುದನ್ನು ಚಿಕ್ಕಂದಿನಲ್ಲಿ ಹೆದರಿ ಅವ್ವನ ಸೀರೆ ಹಿಡಿದುಕೊಂಡು ನೋಡಿದ್ದೇನೆ.

ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳುತ್ತ ಕೂತಾಗ ಅವ್ವನಿಗೆ ಎಲ್ಲ ಹೇಳಿದೆ. ನಾನು ನಾಯಿಗಳಿಗೆ ಹಾಕುವುದನ್ನು ಅವಳು ಯಾವತ್ತೂ ಮೆಚ್ಚಿಲ್ಲ, ಬೈದೂ ಇಲ್ಲ. ಬಹಳ ಹೊತ್ತು ಸುಮ್ಮನಿದ್ದಳು.

“ದೋಣಿ ತುಂಬ್ಸಾಕ ಮೊದ್ಲ ಜಾಗ ಸಾರಿಸ್ತೀವಿ, ಕಂಬಳಿ ಹಾಸ್ತೀವಿ. ಎಲ್ಲಿ ಬೇಕಲ್ಲಿ ಇಡಾಕ್ ಬರತೈತೇನು? ನೀ ಅನ್ನದ್ದು ನೋಡೀದಿ, ಜಾಗದ್ದು ನೋಡಿಲ್ಲ” ಎಂದಳು.

ಅಷ್ಟೇ ಹೇಳಿ ಎದ್ದು ಮೆಟ್ಟಿಲು ಹತ್ತತೊಡಗಿದಳು. ಮನೆಗೆ ಬಂದ ಮೇಲೆ ವ್ಯಾನಿನವರಿಗೆ ಫೋನ್ ಮಾಡಿದೆ.

ಬೀದಿನಾಯಿಗಳ ಕೆಲಸದಲ್ಲಿ ಅನ್ನ ಹಾಕುವುದು ಅತಿ ಸುಲಭದ ಭಾಗ ಎಂದು ಆ ವರ್ಷ ಕಲಿತೆ. 2001ರ ನಿಯಮಗಳೂ, ಅವುಗಳ ಬದಲಿಗೆ ಬಂದ 2023ರ ನಿಯಮಗಳೂ ಹೇಳುವುದು ಒಂದೇ ಕ್ರಮ: ಹಿಡಿಯುವುದು, ಸಂತಾನಹರಣ ಚಿಕಿತ್ಸೆ, ಲಸಿಕೆ, ಹಿಡಿದ ಜಾಗಕ್ಕೇ ತಂದು ಬಿಡುವುದು. ಬೇರೆ ಕಡೆ ಬಿಟ್ಟರೆ ಅಲ್ಲಿಯವು ಕಚ್ಚಿ ಓಡಿಸುತ್ತವೆ, ಇಲ್ಲಿ ತೆರವಾದ ಜಾಗಕ್ಕೆ ಹೊಸವು ಬರುತ್ತವೆ. ನಮ್ಮ ಮೋರಿಯ ಗಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಹಾಲುಣಿಸುವ ತಾಯಿಯನ್ನು ಹಿಡಿಯುವಂತಿಲ್ಲ. ರಾಣಿಗಾಗಿ ಮಾರ್ಚ್ ಕೊನೆಯವರೆಗೆ ಕಾಯಬೇಕಾಯಿತು. ಐದು ಮರಿಗಳಲ್ಲಿ ಎರಡು ಪಾರ್ವೊ ಬಂದು ರಕ್ತ ಕಕ್ಕಿ ಸತ್ತವು. ಎರಡಕ್ಕೆ ಮನೆ ಸಿಕ್ಕಿತು. ಒಂದು ಉಳಿಯಿತು.

ಹಿಡಿಯುವವರಿಗೆ ಅನ್ನ ಹಾಕುವವರು ಬೇಕು. ವ್ಯಾನಿನ ಸದ್ದು ಕೇಳಿದರೆ ನಾಯಿಗಳು ಮಾಯ. ನನ್ನ ಡಬ್ಬಿಯ ಸದ್ದಿಗೆ ಮಾತ್ರ ಬರುತ್ತವೆ. ಆ ದಿನ ಬೆಳಿಗ್ಗೆ ಆರಕ್ಕೆ ಡಬ್ಬಿ ಬಡಿದೆ. ರಾಣಿ ನಂಬಿ ಬಂದಳು, ಬಟ್ಟಲಿಗೆ ಬಾಯಿ ಹಾಕಿದಳು, ಮೇಲಿಂದ ಬಲೆ ಬಿತ್ತು. ಅವಳು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಶೆಡ್ಡುಗಳಿಂದ ಎಲ್ಲರೂ ಹೊರಬಂದು ನೋಡಿದರು. ಕೆಲವು ದಿನ ಕಳೆದು ಕಿವಿಯ ತುದಿಯಲ್ಲಿ ಕಚ್ಚು ಹಾಕಿಸಿಕೊಂಡು ವಾಪಸ್ ಬಂದಳು. ಆ ಕಚ್ಚು ಇದ್ದರೆ ಆಪರೇಷನ್ ಆಗಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ. ಮೂರು ವಾರ ನನ್ನ ಕೈಯ ಅನ್ನ ಮುಟ್ಟಲಿಲ್ಲ. ನಾನು ಬಟ್ಟಲಿಟ್ಟು ಹೋದ ಮೇಲೆ ಆ ಹುಡುಗ ದೂರದಿಂದ ಕರೆವ್ವಾ ಎಂದು ಕೂಗಿದರೆ ಬಂದು ತಿನ್ನುತ್ತಿದ್ದಳಂತೆ. ಆ ವರ್ಷ ಮುಗಿಯುವುದರೊಳಗೆ ರಸ್ತೆಯ ಎಲ್ಲ ನಾಯಿಗಳ ಕಿವಿಯಲ್ಲೂ ಕಚ್ಚು ಬಿತ್ತು. ಲಸಿಕೆ ವರ್ಷಕ್ಕೊಮ್ಮೆ. ಹೆಸರು, ಬಣ್ಣ, ದಿನಾಂಕ ಹಾಕಿದ ಒಂದು ಎಕ್ಸೆಲ್ ಶೀಟ್ ಮಾಡಿದ್ದೇನೆ. ನನ್ನ ವೃತ್ತಿ ಉಪಯೋಗಕ್ಕೆ ಬಂದದ್ದು ಅಷ್ಟರಲ್ಲೇ.

ಜಾಗದ ಮಾತು ಮಾತ್ರ ಬಾಕಿ ಇತ್ತು. ಬಟ್ಟಲುಗಳನ್ನು ಶೆಡ್ಡಿನ ಬಳಿಯಿಂದ ಆಗಲೇ ತೆಗೆದಿದ್ದೆ, ಆದರೆ ಅಲ್ಲೊಂದು ದಿನ ಇಲ್ಲೊಂದು ದಿನ ಎನ್ನುವಂತಾಗಿತ್ತು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟಿನ ಆದೇಶ ಬಂತು. ರೇಬೀಸ್ ತಗಲಿದ ಅಥವಾ ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆ, ಲಸಿಕೆಯ ನಂತರ ಅದೇ ಜಾಗಕ್ಕೆ ಬಿಡಬೇಕು. ಆದರೆ ಕಂಡಕಂಡಲ್ಲಿ ಅನ್ನ ಹಾಕುವಂತಿಲ್ಲ, ಗೊತ್ತು ಮಾಡಿದ ಜಾಗಗಳಲ್ಲಿ ಮಾತ್ರ. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳಿಂದ ನಾಯಿಗಳನ್ನು ತೆಗೆಯಬೇಕು, ಅಲ್ಲಿಗೆ ಮತ್ತೆ ಬಿಡಬಾರದು ಎಂದಿತು. ಟಿವಿಯಲ್ಲಿ ಎರಡೂ ಕಡೆಯವರು ಕಿರುಚಾಡಿದರು.

ಈ ಜಗಳ ಹೊಸದಲ್ಲ. 1832ರಲ್ಲಿ ಬೀದಿನಾಯಿಗಳನ್ನು ಕೊಲ್ಲಿಸುವ ಬ್ರಿಟಿಷರ ಆಜ್ಞೆಯ ವಿರುದ್ಧ ಮುಂಬೈಯ ಪಾರಸಿಗಳು ಬೀದಿಗಿಳಿದು ಗಲಭೆಯೇ ಆಗಿತ್ತು. 1926ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕರೊಬ್ಬರು ಹುಚ್ಚುನಾಯಿಯ ಭಯದಿಂದ ಸುಮಾರು 60 ನಾಯಿಗಳನ್ನು ಕೊಲ್ಲಿಸಿದಾಗ ಗಾಂಧೀಜಿ ‘ಯಂಗ್ ಇಂಡಿಯಾ’ದಲ್ಲಿ ಸರಣಿಯಾಗಿಯೇ ಬರೆದರು. ಕೊಂದದ್ದನ್ನು ಅವರು ಅನಿವಾರ್ಯವೆಂದು ಸಮರ್ಥಿಸಿದ್ದು ನನಗೆ ಈಗಲೂ ಒಪ್ಪಿಗೆಯಿಲ್ಲ. ಆದರೆ ಬೀದಿನಾಯಿಗೆ ಒಂದು ತುಣುಕು ಎಸೆದು ಹೋಗುವುದು ದಯೆಯಲ್ಲ ಎಂದು ಅವರು ಬರೆದದ್ದು ಓದಿದಾಗ ಮೈ ಸಣ್ಣಗೆ ಬೆವರಿತು.

ನಮ್ಮ ಸೊಸೈಟಿಯ ಸಭೆ ಸೆಪ್ಟೆಂಬರ್‌ನಲ್ಲಿ ನಡೆಯಿತು. 2023ರ ನಿಯಮಗಳ ಪ್ರಕಾರ ಊಟದ ಜಾಗ, ಹೊತ್ತು ಗೊತ್ತುಮಾಡುವುದು ಸೊಸೈಟಿಯ ಹೊಣೆಯೂ ಹೌದು. ಮಕ್ಕಳು ಆಡುವ ಜಾಗ, ಮೆಟ್ಟಿಲು, ಪ್ರವೇಶದ್ವಾರಗಳಿಂದ ದೂರವಿರಬೇಕು. ಒಬ್ಬರು ಮೊದಲಿನ ಸೈಟನ್ನೇ ಸೂಚಿಸಿದರು. ಮಕ್ಕಳು ಎಂದಾಗ ಅವರ ಮನಸ್ಸಿನಲ್ಲಿ ಇದ್ದದ್ದು ನಮ್ಮ ಜಾರುಬಂಡಿಯ ಮಕ್ಕಳು. ನಾನು ಎದ್ದು ಜನವರಿಯ ಕಥೆ ಹೇಳಿದೆ. ಅನ್ನ ಹಾಕಿದವಳು ನಾನೇ, ಅದನ್ನು ಅಲ್ಲಿಗೆ ಕಳಿಸಿದ್ದು ನಾವೆಲ್ಲರೂ, ಕಚ್ಚಿಸಿಕೊಂಡದ್ದು ಈ ಸಭೆಗೆ ಬಾರದ ಒಂದು ಮಗು ಎಂದೆ. ಹಾಗಾದರೆ ಶೆಡ್ಡಿನವರನ್ನೂ ಇಸ್ತ್ರಿಯವರನ್ನೂ ಕೇಳೋಣ ಎಂದೆ. ಅವರು ಸದಸ್ಯರಲ್ಲವಲ್ಲ, ಎಂದರು ಒಬ್ಬರು. ಸಭೆ ಗಲಾಟೆಯಲ್ಲಿ ಮುಗಿಯಿತು. ಆಶ್ಚರ್ಯವೆಂದರೆ, ಮೊಣಕಾಲಿನ ಆಜಿ ಹೊರಗೆ ಬಂದು ನನ್ನ ಕೈ ಹಿಡಿದು, ನಾಳೆ ಜಾಗ ನೋಡಲು ನಾನೂ ಬರುತ್ತೇನೆ, ಎಂದರು.

ಮರುದಿನ ಸಂಜೆ ಆಜಿ, ವಾಚ್‌ಮನ್ ಕಾಕಾ, ನಾನು ರಸ್ತೆಯುದ್ದಕ್ಕೂ ನಡೆದೆವು. ಶೆಡ್ಡಿನಿಂದ ಆ ತಾಯಿಯನ್ನೂ ಕರೆದೆವು. ಜಾಗ ತೋರಿಸಿದವಳು ಅವಳೇ. ನಾಲೆಯ ಗೋಡೆಯ ಹಿಂದೆ, ಯಾರ ದಾರಿಯೂ ಅಲ್ಲದ ಒಂದು ಪಟ್ಟಿ. ಇಸ್ತ್ರಿಯವರು, ಅಲ್ಲಿ ರಾತ್ರಿ ಯಾರೂ ಹಾಯುವುದಿಲ್ಲ, ಕುಡಿಯುವವರೂ ಬರುವುದಿಲ್ಲ ಎಂದರು. ಮೋರಿಯ ಈ ಕಡೆಯವಕ್ಕೆ ಒಂದು ಬಟ್ಟಲ ಸಾಲು, ಆ ಕಡೆಯವಕ್ಕೆ ಇನ್ನೊಂದು. ನಾಯಿಗಳು ಒಂದೇ ರಾತ್ರಿಗೆ ಜಾಗ ಬದಲಿಸುವುದಿಲ್ಲ. ಎರಡು ದಿನಕ್ಕೊಮ್ಮೆ ಹತ್ತು ಹೆಜ್ಜೆಯಂತೆ ಬಟ್ಟಲು ಸರಿಸುತ್ತ ಹೋದೆ, ತಿಂಗಳು ಹಿಡಿಯಿತು. ಈಗ ಅವು ತಿಂದು ಮುಗಿಸುವವರೆಗೆ ನಿಂತು, ಬಟ್ಟಲು ಎತ್ತಿ, ಚೆಲ್ಲಿದ್ದನ್ನು ಗುಡಿಸಿ, ನೀರು ಹಾಕಿ ಬರುತ್ತೇನೆ. ಹಿಂದೆಲ್ಲ ಹತ್ತು ನಿಮಿಷದ ಕೆಲಸ, ಈಗ ನಲವತ್ತೈದು ನಿಮಿಷ. ಗೇಟಿನ ಬಳಿ ಬೈಕಿನ ಹಿಂದೆ ಓಡುವುದು ಪೂರ್ತಿ ನಿಂತಿದೆ ಎಂದರೆ ಸುಳ್ಳಾಗುತ್ತದೆ. ಕಡಿಮೆಯಾಗಿದೆ. ಆಜಿ ಈಗ ಕೋಲು ಹಿಡಿದು ವಾಕಿಂಗ್ ಬರುತ್ತಾರೆ.

ಡಿಸೆಂಬರ್‌ನಲ್ಲಿ ಆ ಕಟ್ಟಡದ ಹೊರಗಿನ ಕೆಲಸ ಮುಗಿಯಿತು. ಶೆಡ್ಡುಗಳನ್ನು ಬಿಚ್ಚಿದರು. ಇಪ್ಪತ್ತು ಸಂಸಾರಗಳು ಎರಡು ಟೆಂಪೊಗಳಲ್ಲಿ ನದಿಯಾಚೆಯ ಇನ್ನೊಂದು ಸೈಟಿಗೆ ಹೋದವು. ಹೊರಡುವ ದಿನ ನಾನು ಆಫೀಸಿನಲ್ಲಿದ್ದೆ. ಹುಡುಗ ರಾಣಿಯನ್ನು ಟೆಂಪೊ ಹತ್ತಿಸಲು ಬಹಳ ಹಟ ಮಾಡಿದನಂತೆ, ಅವಳು ಹತ್ತಲಿಲ್ಲವಂತೆ. ವಾಚ್‌ಮನ್ ಕಾಕಾ ಹೇಳಿದರು. ಆ ಜಾಗದಲ್ಲೀಗ ಹೊಸ ಗೇಟು, ಹೊಸ ವಾಚ್‌ಮನ್. ಇನ್ನಾರು ತಿಂಗಳಿಗೆ ಜನ ಬರುತ್ತಾರೆ. ಗೇಟಿನಿಂದ ದೂರ ಎನ್ನುವ ಮಾತು ಮತ್ತೆ ಏಳುತ್ತದೆ. ಆಗ ನಾಲೆಯ ಗೋಡೆಯ ಬಳಿಗೆ ಅವರನ್ನೂ ಕರೆದುಕೊಂಡು ಹೋಗಬೇಕು.

ಕಳೆದ ವಾರ ಒಂದು ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಆ ತಾಯಿಯೇ.

“ಅಕ್ಕಾ, ಇಲ್ಲಿ ಏಳು ನಾಯಿ ಅದಾವ್ರಿ. ಒಂದರ ಕಿವಿನೂ ಕಚ್ಚು ಇಲ್ಲ. ಎರಡು ಬಸಿರದಾವ. ಆ ಗಾಡಿಯವರ ನಂಬರ್ ಕೊಡ್ರಿ.”

ಆ ದಡದ್ದು ಬೇರೆ ಪಾಲಿಕೆ, ನಮ್ಮ ವ್ಯಾನಿನವರು ಅಲ್ಲಿಗೆ ಬರುವುದಿಲ್ಲ. ಅಲ್ಲಿಯವರ ನಂಬರು ಹುಡುಕಿ ಕೊಟ್ಟಿದ್ದೇನೆ. ಈ ಭಾನುವಾರ ನದಿ ದಾಟಿ ಹೋಗಿ ಬರಬೇಕು. ಡಬ್ಬಿ ಒಯ್ಯುವುದಿಲ್ಲ. ಮೊದಲು ಜಾಗ ನೋಡಿಕೊಂಡು ಬರುತ್ತೇನೆ.